ಬೆಂಚಿನ ಹುಡುಗನನ್ನು ಅಂಕಣಕ್ಕೆ ಇಳಿಸುವುದು ಹೇಗೆ? ಊರ ಕಬಡ್ಡಿ ತಂಡಗಳಿಗೊಂದು ಮಾರ್ಗದರ್ಶಿ

ರಾಗಿ ಕೊಯ್ಲು ಮುಗಿದು ಕಣದ ಕೆಲಸ ಒಂದು ಹದಕ್ಕೆ ಬಂತು ಅಂದರೆ ತುಮಕೂರು ಜಿಲ್ಲೆಯಲ್ಲಿ ಹೊನಲು ಬೆಳಕಿನ ಕಬಡ್ಡಿಯ ಕಾಲ. ಗುಬ್ಬಿ, ತುರುವೇಕೆರೆ, ಕೊರಟಗೆರೆ, ಶಿರಾ, ಯಾವ ರಸ್ತೆ ಹಿಡಿದರೂ ಊರ ಬಾಗಿಲಲ್ಲಿ ಒಂದು ಫ್ಲೆಕ್ಸು: ಮೊದಲ ಬಹುಮಾನ ಇಷ್ಟು, ಪ್ರವೇಶ ಶುಲ್ಕ ಇಷ್ಟು, ಬೆಸ್ಟ್ ರೈಡರ್‌ಗೊಂದು ಕಪ್ಪು, ಬೆಸ್ಟ್ ಕ್ಯಾಚರ್‌ಗೊಂದು. ಹೋಗುವ ತಂಡಗಳ ಪಟ್ಟಿಯಲ್ಲಿ 12 ಹೆಸರು ಇರುತ್ತವೆ. ಕೊನೆಯ ಮೂರ್ನಾಲ್ಕು ಹೆಸರು ಕಾಲೇಜು ಹುಡುಗರದ್ದು. ಅಣ್ಣಂದಿರ ಮೊಬೈಲು, ಪರ್ಸು ಕಾಯುವುದು, ನೀರಿನ ಕ್ಯಾನು ಹೊರುವುದು, ತಂಡ ಇಪ್ಪತ್ತು ಪಾಯಿಂಟ್ ಮುಂದಿದ್ದಾಗ ಕೊನೆಯ ಎರಡು ನಿಮಿಷ ಇಳಿಯುವುದು, ಮತ್ತೆ ಟೆಂಪೊ ಹತ್ತುವುದು. ಮೂರು ವರ್ಷ ಹೀಗೇ ಕಳೆಯುತ್ತದೆ. ಆಮೇಲೆ ಹಿರಿಯ ಕಾರ್ನರ್‌ನ (ಅಂಕಣದ ತುದಿಯಲ್ಲಿ ನಿಂತು ರೈಡರ್‌ನ ಕಾಲು ಹಿಡಿಯುವವನ) ಮಂಡಿ ಕೈಕೊಟ್ಟ ದಿನ ಎಲ್ಲರೂ ಸೇರಿ ಹೇಳುವ ಮಾತು: "ನಮ್ಮಲ್ಲಿ ಹುಡುಗರೇ ತಯಾರಾಗ್ಲಿಲ್ಲ ಬಿಡ್ರೀ."

ತಯಾರಾಗಲು ಆಡಿಸಿದ್ದರಲ್ಲವೇ?

ತಂಡ ನಡೆಸುವವರಿಗೆ ಈ ಬರಹ. ಕೋಚ್ ಇರಬಹುದು, ಕ್ಯಾಪ್ಟನ್ ಇರಬಹುದು, ಯುವಕ ಸಂಘದ ಕಾರ್ಯದರ್ಶಿ ಇರಬಹುದು, ಸಂಜೆ ಹೊತ್ತು ಮೈದಾನಕ್ಕೆ ಬರುವ ಪಿ.ಟಿ. ಮೇಷ್ಟ್ರೂ ಇರಬಹುದು. ನಾನು ಹೇಳಬೇಕಾದ್ದು ಇಷ್ಟು: ಹುಡುಗನಿಗೆ ಆಟದ ಸಮಯ ಸಿಗಬೇಕಾದರೆ ಅದನ್ನು ಪಂದ್ಯಕ್ಕೆ ಮುಂಚೆಯೇ ಬರೆದಿಡಬೇಕು. ಪಂದ್ಯದ ಬಿಸಿಯಲ್ಲಿ "ನೋಡೋಣ, ಟೈಮ್ ಬಂದಾಗ ಇಳಿಸೋಣ" ಅಂದರೆ ಆ ಟೈಮ್ ಬರುವುದೇ ಇಲ್ಲ.

ಐಸ್ ಹಾಕಿಯವರ ಲೆಕ್ಕ

ಈ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡುವವರನ್ನು ನೋಡಬೇಕಾದರೆ ಐಸ್ ಹಾಕಿ ನೋಡಬೇಕು. ತುಮಕೂರಿಗೂ ಮಂಜುಗಡ್ಡೆಗೂ ಎಲ್ಲಿಯ ನಂಟು ಅನ್ನಬೇಡಿ, ಕಲಿಯುವುದಕ್ಕೆ ಅಲ್ಲಿ ಸಾಕಷ್ಟಿದೆ. ಎನ್‌ಎಚ್‌ಎಲ್ ಎಂದರೆ ಅಮೆರಿಕ, ಕೆನಡಾಗಳ 32 ತಂಡಗಳ ದೊಡ್ಡ ಲೀಗ್. 20 ನಿಮಿಷದ ಮೂರು ಭಾಗ, ಒಟ್ಟು 60 ನಿಮಿಷದ ಆಟ. ಗೋಲ್‌ಕೀಪರ್ ಬಿಟ್ಟು ಒಂದು ತಂಡದಲ್ಲಿ 18 ಜನ ಸಜ್ಜಾಗಿರುತ್ತಾರೆ, ಮಂಜಿನ ಮೇಲೆ ಒಮ್ಮೆಗೆ ಐವರು. ಮುಕ್ಕಾಲು ನಿಮಿಷದಷ್ಟು ಹೊತ್ತು ಜೀವ ತೇಯ್ದು ಆಡಿ, ಆಟ ನಿಲ್ಲುವುದಕ್ಕೂ ಕಾಯದೆ ಬೆಂಚಿಗೆ ಹಾರುತ್ತಾರೆ, ಇನ್ನೈವರು ಇಳಿಯುತ್ತಾರೆ. ಯಾರು ಎಷ್ಟು ಹೊತ್ತು ಆಡಿದರು ಎಂಬುದು ನಿಮಿಷ, ಸೆಕೆಂಡು ಸಮೇತ ದಾಖಲಾಗುತ್ತದೆ. ಹಾಗಾಗಿ ಅಲ್ಲಿ ಕೋಚ್ "ಹುಡುಗನಿಗೆ ಚಾನ್ಸ್ ಕೊಟ್ಟಿದ್ದೇನೆ" ಎಂದು ಬಾಯಿಮಾತಲ್ಲಿ ಹೇಳಿ ಪಾರಾಗುವಂತಿಲ್ಲ.

ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗೆ ಎಎಚ್‌ಎಲ್ ಇದೆ. ಮೇಲಿನ ತಂಡದಲ್ಲಿ ಯಾರಿಗಾದರೂ ಪೆಟ್ಟಾದರೆ ಅಲ್ಲಿಂದ ಹುಡುಗರನ್ನು ಕರೆಸಿಕೊಳ್ಳುತ್ತಾರೆ. ಕರೆಸಿಕೊಂಡವನನ್ನು ನಾಲ್ಕನೇ ಸಾಲಿಗೆ, ಅಂದರೆ ಕಡಿಮೆ ಹೊತ್ತು ಆಡುವ ಕೊನೆಯ ಗುಂಪಿಗೆ ಹಾಕಿ ಆರೇಳು ನಿಮಿಷ ಆಡಿಸಿ ಕೂರಿಸಿದರೆ ಅಲ್ಲಿನ ಅಭಿಮಾನಿಗಳು ಕೋಚ್‌ನ ಜನ್ಮ ಜಾಲಾಡುತ್ತಾರೆ. ಕೆಳಗಿನ ಲೀಗಿನಲ್ಲೇ ಇದ್ದಿದ್ದರೆ ಪಂದ್ಯಕ್ಕೆ ಇಪ್ಪತ್ತು ನಿಮಿಷ ಆಡುತ್ತಿದ್ದವನನ್ನು ಬೆಂಚು ಬೆಚ್ಚಗೆ ಮಾಡಲು ಯಾಕೆ ಕರೆಸಿದಿರಿ ಎಂಬುದು ಅವರ ಜಗಳ. ನ್ಯಾಯವಾದ ಜಗಳ.

ಅವರ ಎರಡು ನಿಯಮ ನಮಗೆ ಬೇಕು. ಎಎಚ್‌ಎಲ್‌ನಲ್ಲಿ ಗೋಲ್‌ಕೀಪರ್ ಬಿಟ್ಟು ಸಜ್ಜಾಗುವ 18 ಜನರಲ್ಲಿ ಕನಿಷ್ಠ 13 ಜನ ಬೆಳೆಯುತ್ತಿರುವ ಆಟಗಾರರಾಗಿರಲೇಬೇಕು. ಅದರಲ್ಲೂ 12 ಜನ, ಋತು ಶುರುವಾಗುವ ಹೊತ್ತಿಗೆ 260ಕ್ಕಿಂತ ಹೆಚ್ಚು ವೃತ್ತಿಪರ ಪಂದ್ಯ ಆಡಿರಬಾರದು. ಅಂದರೆ ಹಳಬರ ಜಾಗಕ್ಕೇ ಮಿತಿ. ಎರಡನೆಯದು ಎನ್‌ಎಚ್‌ಎಲ್‌ನದು: 18, 19ರ ಹುಡುಗ ಒಂದು ಋತುವಿನಲ್ಲಿ 10 ಪಂದ್ಯ ಆಡದೇ ಇದ್ದರೆ ಅವನ ಮೊದಲ ಒಪ್ಪಂದ ಒಂದು ವರ್ಷ ಮುಂದಕ್ಕೆ ಜರುಗುತ್ತದೆ. ಹತ್ತನೆಯದನ್ನು ಆಡಿಸಿದರೆ ಒಪ್ಪಂದದ ಒಂದು ವರ್ಷ ಖರ್ಚಾದಂತೆ. ಹೀಗಾಗಿ ಒಂಬತ್ತನೇ ಪಂದ್ಯದೊಳಗೆ ತಂಡ ತೀರ್ಮಾನಕ್ಕೆ ಬರುತ್ತದೆ: ಇವನನ್ನು ಇಟ್ಟುಕೊಂಡು ಆಡಿಸುತ್ತೇವೋ, ಇಲ್ಲ, ಅವನ ವಯಸ್ಸಿನ ತಂಡಕ್ಕೆ ವಾಪಸ್ ಕಳಿಸುತ್ತೇವೋ. ಅದು ಹಣದ ಲೆಕ್ಕಕ್ಕೆ ಹುಟ್ಟಿದ ನಿಯಮ, ಒಪ್ಪುತ್ತೇನೆ. ಆದರೂ ಅದರಿಂದ ಹುಡುಗನಿಗೆ ಒಂದು ಉಪಕಾರವಾಗುತ್ತದೆ. ವರ್ಷಗಟ್ಟಲೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂದು ನೇತಾಡುವುದು ತಪ್ಪುತ್ತದೆ.

ಮೊದಲ ಕೆಲಸ: ಅಂಕಣದಲ್ಲಿದ್ದ ಹೊತ್ತನ್ನು ಅಳೆಯಿರಿ

ಕಬಡ್ಡಿಯಲ್ಲಿ ಇದು ಐಸ್ ಹಾಕಿಗಿಂತ ತೊಡಕಿನದ್ದು. ಅಲ್ಲಿ ಇಳಿದವನು ಆಡುತ್ತಿರುತ್ತಾನೆ. ನಮ್ಮಲ್ಲಿ ಏಳು ಜನರಲ್ಲಿ ಹೆಸರಿದ್ದರೂ ಔಟಾಗಿ ಹೊರಗೆ ಕೂತಿರಬಹುದು. ಪುರುಷರ ಪಂದ್ಯ 20 ನಿಮಿಷದ ಎರಡು ಅವಧಿ, ಒಟ್ಟು 40 ನಿಮಿಷ. "ಫುಲ್ ಮ್ಯಾಚ್ ಆಡ್ಸಿದೀನಿ ಅವ್ನನ್ನ" ಎಂದು ನೀವು ಹೇಳುವ ಹುಡುಗ ಅದರಲ್ಲಿ ನಿಜಕ್ಕೂ ಎಷ್ಟು ಹೊತ್ತು ಒಳಗಿದ್ದ?

ಲೆಫ್ಟ್ ಕಾರ್ನರ್‌ಗೆ ಒಬ್ಬ ಪಿಯುಸಿ ಹುಡುಗನನ್ನು ನಿಲ್ಲಿಸಿದ್ದೀರಿ ಅಂದುಕೊಳ್ಳಿ. ಎರಡನೇ ನಿಮಿಷದಲ್ಲೇ ರೈಡರ್ ಕಾಲು ಚಾಚುವ ಮೊದಲೇ ಹಿಮ್ಮಡಿಗೆ ಹಾರಿದ, ಕೈ ಜಾರಿತು, ಔಟ್. ಈಗ ಅವನು ಒಳಗೆ ಬರಬೇಕಾದರೆ ನಿಮ್ಮವರು ಯಾರನ್ನಾದರೂ ಮುಟ್ಟಿ ಬರಬೇಕು, ಇಲ್ಲ ಹಿಡಿಯಬೇಕು. ಔಟಾದ ಸರದಿಯಲ್ಲೇ ವಾಪಸ್ ಬರುವುದು ನಿಯಮ. ನಿಮ್ಮ ಹಿರಿಯ ರೈಡರ್ ಏನು ಮಾಡುತ್ತಾನೆ? ಎದುರಿಗೆ ಆರು, ಏಳು ಜನ ಇದ್ದಾರೆ, ಬೋನಸ್ ಲೈನ್ ದಾಟಿ ಕಾಲಿಟ್ಟು ಒಂದು ಪಾಯಿಂಟ್ ತಂದು ಚಪ್ಪಾಳೆ ತಗೊಳ್ಳುತ್ತಾನೆ. ಸ್ಕೋರ್ ಬೋರ್ಡ್ ಏರಿತು. ಆದರೆ ಬೋನಸ್ ಪಾಯಿಂಟಿಗೆ ಯಾರೂ ವಾಪಸ್ ಒಳಗೆ ಬರುವಂತಿಲ್ಲ. ಹುಡುಗ ಕೂತೇ ಇದ್ದಾನೆ. ಮುಂದಿನ ರೈಡು ಖಾಲಿ, ಅದರ ಮುಂದಿನದು ಮತ್ತೊಂದು ಬೋನಸ್. ಏಳನೇ ನಿಮಿಷಕ್ಕೆ ಒಳಗೆ ಬಂದ, ಒಂಬತ್ತನೇ ನಿಮಿಷಕ್ಕೆ ಮತ್ತೆ ಔಟ್. ಅರ್ಧ ಸಮಯದ ಸೀಟಿ ಊದಿದಾಗ ಅವನು ಆಡಿರುವುದು ಆರೇಳು ನಿಮಿಷ, ಕಣ್ಣೀರು ನುಂಗಿಕೊಂಡು ಕೂತಿರುವುದು ಹದಿಮೂರು ನಿಮಿಷ. ನೀವು ಮಾತ್ರ "ಇಪ್ಪತ್ತು ನಿಮಿಷ ಕೊಟ್ಟೆ, ಏನೂ ಮಾಡ್ಲಿಲ್ಲ" ಅನ್ನುತ್ತೀರಿ.

ಆದ್ದರಿಂದ ಒಂದು ಉದ್ದ ನೋಟ್ ಪುಸ್ತಕ ಇಡಿ. ಬೆಂಚಿನಲ್ಲಿ ಒಬ್ಬನಿಗೆ ಅದೇ ಕೆಲಸ. ಮೊಬೈಲಿನ ಸ್ಟಾಪ್‌ವಾಚ್ ಸಾಕು. ಪ್ರತಿ ಹುಡುಗನ ಹೆಸರಿನ ಮುಂದೆ ಒಳಗೆ ಹೋದ ನಿಮಿಷ, ಔಟಾದ ನಿಮಿಷ, ವಾಪಸ್ ಬಂದ ನಿಮಿಷ ಬರೆಯುತ್ತಾ ಹೋಗಬೇಕು. ರೈಡರ್ ಆದರೆ ಎಷ್ಟು ರೈಡ್, ಅದರಲ್ಲಿ ಮೂರನೇ ರೈಡ್ (ಎರಡು ಖಾಲಿ ರೈಡ್ ಆದ ಮೇಲಿನದು) ಎಷ್ಟು. ಕ್ಯಾಚರ್ ಆದರೆ ಎಷ್ಟು ಸಲ ಹಿಡಿಯಲು ಹೋದ, ಎಷ್ಟು ಸಲ ಹಿಡಿತ ನಿಂತಿತು. ಇದಿಷ್ಟೇ. ಇದಕ್ಕಿಂತ ಹೆಚ್ಚು ಕಾಲಂ ಹಾಕಿದರೆ ಎರಡನೇ ಪಂದ್ಯಕ್ಕೆ ಪುಸ್ತಕ ಟೆಂಪೊದಲ್ಲೇ ಉಳಿಯುತ್ತದೆ.

ಹಿರಿಯರ ಹೊತ್ತನ್ನೂ ಬರೆಸಿ. ಮುಂದೆ ಮಾತಿಗೆ ಕೂತಾಗ ಅದೇ ಪುಟ ಬೇಕಾಗುತ್ತದೆ.

ಯಾರನ್ನು ಕರೆತರಬೇಕು, ಯಾರನ್ನು ಬೇಡ

ಹುಡುಗ ಚುರುಕಾಗಿದ್ದಾನೆ ಅಂದ ಮಾತ್ರಕ್ಕೆ ಹಿರಿಯರ ತಂಡಕ್ಕೆ ಎಳೆದು ತರಬೇಡಿ. ಅಧಿಕೃತ ಪಂದ್ಯಾವಳಿಗಳಲ್ಲಿ ಹಿರಿಯ ಪುರುಷರಿಗೆ 85 ಕೆ.ಜಿ.ಯವರೆಗೆ ಅವಕಾಶವಿದೆ, ಸಬ್ ಜೂನಿಯರ್ ಹುಡುಗರ ಮಿತಿ 55 ಕೆ.ಜಿ. ಈ ನಡುವಿನ 30 ಕೆ.ಜಿ. ಒಬ್ಬ ಹುಡುಗನ ಭುಜದ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಯೋಚಿಸಿ. ಊರ ಪಂದ್ಯಾವಳಿಗಳಲ್ಲಿ ತೂಕ ನೋಡುವವರೇ ಇಲ್ಲದ ಕಡೆ ಇನ್ನೂ ಹುಷಾರಾಗಿರಬೇಕು. ಹಗುರ ಹುಡುಗನನ್ನು ಕವರ್‌ನಲ್ಲಿ (ಕಾರ್ನರ್‌ನ ಒಳಬದಿ) ನಿಲ್ಲಿಸಿ ಡ್ಯಾಶ್ ಹೊಡೆಯಲು, ಅಂದರೆ ರೈಡರ್‌ಗೆ ಮೈ ಗುದ್ದಿ ಹೊರದಬ್ಬಲು ಹೇಳಬೇಡಿ. ಕಾರ್ನರ್‌ನಲ್ಲಿ ನಿಲ್ಲಿಸಿ, ಇಲ್ಲವೇ ಮೂರನೇ ರೈಡರ್ ಆಗಿ ಬಳಸಿ.

ಇನ್ನೊಂದು ಲೆಕ್ಕ, ಪರೀಕ್ಷೆಯದು. ಶಿವರಾತ್ರಿಯ ಸಿದ್ಧಗಂಗೆ ಜಾತ್ರೆ, ಅದರ ಆಚೀಚೆ ನಮ್ಮ ಕಡೆಯ ಊರ ಜಾತ್ರೆಗಳು, ಅದೇ ಹೊತ್ತಿಗೆ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಯಾರಿ. ಹುಡುಗನ ಅಪ್ಪ ಅಮ್ಮನ ಹತ್ತಿರ ನೀವೇ ಹೋಗಿ ಕೇಳಬೇಕು. "ಅಕ್ಕ, ಈ ತಿಂಗಳು ಎರಡೇ ಪಂದ್ಯಾವಳಿಗೆ ಕರ್ಕೊಂಡ್ ಹೋಗ್ತೀನಿ, ರಾತ್ರಿ ಮನೆವರೆಗೂ ನಾನೇ ತಂದು ಬಿಡ್ತೀನಿ" ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಹುಡುಗನ ಕೈಯಲ್ಲಿ ಹೇಳಿಕಳಿಸಿದರೆ ಆ ಮನೆಯವರು ಮುಂದಿನ ಸಲ ಕಳಿಸುವುದಿಲ್ಲ.

ಆಡಿಸಲು ಜಾಗವೇ ಇಲ್ಲದಿದ್ದರೆ ಕರೆದುಕೊಂಡು ಹೋಗಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಅದೇ ವಾರ ತಾಲ್ಲೂಕು ಮಟ್ಟದ ಕಾಲೇಜು ಪಂದ್ಯವಿದ್ದರೆ ಅಲ್ಲಿಗೆ ಕಳಿಸಿ. ಅಲ್ಲಿ ಅವನೇ ಮೊದಲ ರೈಡರ್, ಅವನೇ ಕ್ಯಾಪ್ಟನ್, ಕೊನೆಯ ನಿಮಿಷದ ಒತ್ತಡವೂ ಅವನದೇ. ನಿಮ್ಮ ಬೆಂಚಿನಲ್ಲಿ ಅವನಿಗೆ ಸಿಗುವುದು ನಿದ್ದೆಗೇಡು.

ಹಿರಿಯರ ಜೊತೆ ಮಾತು: ಅಂಕಣದಲ್ಲಿ ಬೇಡ, ಅದಕ್ಕೂ ವಾರ ಮುಂಚೆ

ಎಲ್ಲಕ್ಕಿಂತ ಕಷ್ಟದ ಹಂತ ಇದು. ಪುಸ್ತಕದ ನಿಯಮ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಊರ ತಂಡದ ಹಿರಿಯ ಆಟಗಾರ ಬರೀ ಆಟಗಾರನಲ್ಲ. ಜೆರ್ಸಿ ಹೊಲಿಸಿದವನು ಅವನೇ, ಟೆಂಪೊಗೆ ಡೀಸೆಲ್ ಹಾಕಿಸಿದವನು ಅವನೇ, ಪ್ರವೇಶ ಶುಲ್ಕಕ್ಕೆ ಗ್ರಾಮ ಪಂಚಾಯಿತಿ ಸದಸ್ಯರ ಹತ್ತಿರ ಮಾತಾಡಿದವನೂ ಅವನೇ. ಅವನನ್ನು ಹತ್ತು ನಿಮಿಷ ಕೂರಿಸಿದರೆ ಹನ್ನೊಂದನೇ ನಿಮಿಷಕ್ಕೆ ತಂಡವೇ ಎರಡು ಹೋಳಾಗುತ್ತದೆ. ಹೆದರಿಕೊಂಡು ಕೋಚ್ ಸುಮ್ಮನಾಗುವುದು ಇದಕ್ಕೇ. ಆಟದ ಕಾರಣಕ್ಕೆ ಯಾರೂ ಹುಡುಗರನ್ನು ಕೂರಿಸುವುದಿಲ್ಲ ಎಂದೇ ನನ್ನ ಅನಿಸಿಕೆ. ನೂರಕ್ಕೆ ತೊಂಬತ್ತು ಪಾಲು ಮುಲಾಜು.

ಹಾಗಾದರೆ ಹೇಗೆ ಹೇಳುವುದು? ಒಬ್ಬೊಬ್ಬರನ್ನೇ ಕರೆದು, ಟೀ ಅಂಗಡಿಯಲ್ಲೋ ಪ್ರಾಕ್ಟೀಸ್ ಮುಗಿದ ಮೇಲೋ, ಉಳಿದವರ ಎದುರಲ್ಲದೆ. ಮಾತು ಹೀಗಿರಲಿ:

"ನೋಡಪ್ಪ, ಈ ಸಲ ಲೀಗ್ ಮ್ಯಾಚಲ್ಲಿ ಮೊದಲ ಹತ್ತು ನಿಮಿಷ ಕಾರ್ನರ್‌ಗೆ ಹುಡುಗ ನಿಲ್ತಾನೆ. ನೀನು ಹನ್ನೊಂದನೇ ನಿಮಿಷಕ್ಕೆ ಬಾ. ನಾಕೌಟ್ ಪೂರ್ತಿ ನಿಂದೇ."

"ಸೋತ್ರೆ?"

"ಸೋತ್ರೆ ನಾನು ಸೋತೆ ಅಂತ ಹೇಳ್ತೀನಿ, ಕಮಿಟಿಯವರ ಮುಂದೆ."

"ಹುಡುಗ್ರು ಏನ್ ಅಂದ್ಕೋತಾರೆ, ಅಣ್ಣಂಗೆ ವಯಸ್ಸಾಯ್ತು ಅಂತ..."

"ರಾತ್ರಿ ಮೂರು ಗಂಟೆಗೆ ಸೆಮಿಫೈನಲ್ ಬರುತ್ತೆ. ಆಗ ನಿನ್ನ ಕಾಲಲ್ಲಿ ಶಕ್ತಿ ಇರ್ಬೇಕೋ ಬೇಡ್ವೋ?"

ಕೊನೆಯ ಮಾತು ಬರೀ ಸಮಾಧಾನದ ಮಾತಲ್ಲ, ನಿಜ. ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಉದ್ಘಾಟನೆಗೆ ಬರಬೇಕಾದ ಗಣ್ಯರು ಬರುವ ಹೊತ್ತಿಗೇ ಒಂಬತ್ತಾಗಿರುತ್ತದೆ. ಭಾಷಣ, ಸನ್ಮಾನ, ಹಾರ ತುರಾಯಿ ಮುಗಿದು ಮೊದಲ ಪಂದ್ಯ ಶುರುವಾಗುವುದು ಹತ್ತೂವರೆಗೆ. ಸೆಮಿಫೈನಲ್, ಫೈನಲ್ ಹೊತ್ತಿಗೆ ಕೋಳಿ ಕೂಗುತ್ತದೆ. ಅಷ್ಟರಲ್ಲಿ ಮೂರು ನಾಲ್ಕು ಪಂದ್ಯ ಆಡಿ, ನಡುನಡುವೆ ತಣ್ಣಗಾದ ಮೈಯನ್ನು ಮತ್ತೆ ಬಿಸಿ ಮಾಡಿ ಇಳಿಯುವ 34ರ ಕಾಲಿಗೂ 19ರ ಕಾಲಿಗೂ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಲೀಗ್ ಹಂತದಲ್ಲಿ ಹುಡುಗರು ಆಡಿದ ಪ್ರತಿ ನಿಮಿಷವೂ ಹಿರಿಯರಿಗೆ ಉಳಿತಾಯ.

ಹಿರಿಯರಿಗೆ ಒಂದು ಜವಾಬ್ದಾರಿಯನ್ನೂ ಕೊಡಿ. ಹುಡುಗ ಕಾರ್ನರ್‌ನಲ್ಲಿದ್ದಾಗ ಪಕ್ಕದಲ್ಲಿ ಅನುಭವಸ್ಥ ಇರಲೇಬೇಕು. ಕೈ ಹಿಡಿದು ಚೈನ್ ಕಟ್ಟುವವನು ಅವನೇ, "ಈಗ ಬೇಡ, ಇನ್ನೊಂದು ಹೆಜ್ಜೆ ಬರ್ಲಿ" ಎಂದು ಪಿಸುಗುಡುವವನೂ ಅವನೇ. ಇಬ್ಬರು ಮೂವರು ಹುಡುಗರನ್ನು ಒಟ್ಟಿಗೆ ಒಂದೇ ಪಕ್ಕದಲ್ಲಿ ನಿಲ್ಲಿಸಿದರೆ ಎದುರಾಳಿ ರೈಡರ್ ಆ ಪಕ್ಕಕ್ಕೇ ನುಗ್ಗುತ್ತಾನೆ. ಅದು ಹುಡುಗರನ್ನು ಬೆಳೆಸಿದಂತಲ್ಲ, ಬಲಿ ಕೊಟ್ಟಂತೆ.

ಹಿರಿಯ ಜಾಗ ಬಿಟ್ಟರೆ ತಂಡ ಮುಳುಗುವುದಿಲ್ಲ ಎನ್ನುವುದಕ್ಕೆ ನಮ್ಮ ಬೆಂಗಳೂರು ಬುಲ್ಸ್‌ಗಿಂತ ಬೇರೆ ಉದಾಹರಣೆ ಬೇಡ. ಪ್ರೊ ಕಬಡ್ಡಿಯ ಆರನೇ ಋತುವಿನಲ್ಲಿ ರೋಹಿತ್ ಕುಮಾರ್ ಕ್ಯಾಪ್ಟನ್, ತಂಡದ ದೊಡ್ಡ ಹೆಸರಿನ ರೈಡರ್. ಆದರೂ ಹೆಚ್ಚಿನ ರೈಡ್ ಹೋದವನು ಪವನ್ ಸೆಹ್ರಾವತ್, ಅದಕ್ಕೆ ಮುಂಚೆ ಬೇರೆಯವರ ನೆರಳಲ್ಲೇ ಇದ್ದವನು. ಆ ಋತುವಿನಲ್ಲಿ ಪವನ್ ತಂದದ್ದು 271 ರೈಡ್ ಪಾಯಿಂಟ್. 2019ರ ಜನವರಿಯಲ್ಲಿ ನಡೆದ ಫೈನಲ್‌ನಲ್ಲಿ ಗುಜರಾತ್ ವಿರುದ್ಧ ಒಬ್ಬನೇ 22 ಪಾಯಿಂಟ್ ತಂದ, 38–33ಕ್ಕೆ ಬುಲ್ಸ್ ಗೆದ್ದಿತು. ಕಪ್ಪು ಎತ್ತಿದ ಕ್ಯಾಪ್ಟನ್ ರೋಹಿತ್ತೇ. ಹಿರಿಯರ ಜೊತೆ ಮಾತಾಡುವಾಗ ಈ ಕಥೆ ಧಾರಾಳವಾಗಿ ಬಳಸಿ.

ಬದಲಿಯಾಗಿ ಇಳಿಸಬೇಡಿ, ಮೊದಲ ಏಳರಲ್ಲೇ ಇಳಿಸಿ

ಬಹಳ ಕೋಚ್‌ಗಳು ಹುಡುಗನನ್ನು ಬೆಂಚಿನಲ್ಲಿಟ್ಟು ನಡುವೆ ಇಳಿಸುವ ಯೋಚನೆ ಮಾಡುತ್ತಾರೆ. ಕಬಡ್ಡಿಯ ನಿಯಮವೇ ಅದಕ್ಕೆ ಅಡ್ಡ. ನಿಯಮದ ಪ್ರಕಾರ ಬದಲಾವಣೆ ಆಗುವುದು ಟೈಮ್ ಔಟ್‌ನಲ್ಲೋ ವಿರಾಮದಲ್ಲೋ, ತೀರ್ಪುಗಾರರ ಒಪ್ಪಿಗೆ ಪಡೆದು. ಒಂದು ಅವಧಿಗೆ ತಂಡಕ್ಕೆ ಎರಡು ಟೈಮ್ ಔಟ್, ತಲಾ 30 ಸೆಕೆಂಡ್. ಪಂದ್ಯ ಬಿಗಿಯಾಗಿರುವಾಗ ಆ ಎರಡನ್ನು ಹುಡುಗನನ್ನು ಇಳಿಸಲು ಯಾವ ಕೋಚ್ ಖರ್ಚು ಮಾಡುತ್ತಾನೆ? ಮಾಡುವುದಿಲ್ಲ. ಹಾಗಾಗಿ ಮೊದಲೇ ಏಳರಲ್ಲಿ ಇಳಿಸಿ, ಬೇಕಾದರೆ ಟೈಮ್ ಔಟ್‌ನಲ್ಲಿ ಹೊರಗೆ ತೆಗೆಯಿರಿ. ಒಮ್ಮೆ ಹೊರಗೆ ಬಂದವನನ್ನು ಮತ್ತೆ ಇಳಿಸಲೂ ನಿಯಮ ಒಪ್ಪುತ್ತದೆ.

ಇದರ ಅಪಾಯವನ್ನೂ ಹೇಳಿಬಿಡುತ್ತೇನೆ. ಔಟಾಗಿ ಕೂತಿರುವ ಆಟಗಾರನ ಜಾಗಕ್ಕೆ ಬದಲಿ ಇಳಿಸುವಂತಿಲ್ಲ. ಹುಡುಗ ಔಟಾದ, ಟೈಮ್ ಔಟ್ ತಗೊಂಡು ಹಿರಿಯನನ್ನು ಇಳಿಸೋಣ ಅಂದರೆ ಆಗದು. ಅವನು ಮತ್ತೆ ಒಳಗೆ ಬರುವವರೆಗೆ ಕಾಯಬೇಕು. ಹಾಗಾಗಿ ಹುಡುಗನನ್ನು ತೆಗೆಯುವ ತೀರ್ಮಾನ ಅವನು ಒಳಗಿರುವಾಗಲೇ ಆಗಬೇಕು, ಔಟಾದ ಸಿಟ್ಟಿನಲ್ಲಿ ಅಲ್ಲ. ಯೋಚಿಸಿದರೆ ಇದು ಒಳ್ಳೆಯದೇ. ಸಿಟ್ಟಿನಲ್ಲಿ ತೆಗೆಯಲು ನಿಯಮವೇ ಬಿಡುವುದಿಲ್ಲ! ಸ್ಥಳೀಯ ಪಂದ್ಯಾವಳಿಗಳಲ್ಲಿ ಬದಲಾವಣೆಯ ನಿಯಮ ಸಡಿಲವಾಗಿರುವುದೂ ಉಂಟು, ಅವಧಿಯನ್ನೇ ಕಡಿಮೆ ಮಾಡುವುದೂ ಉಂಟು. ಟಾಸ್‌ಗೆ ಮುಂಚೆ ತೀರ್ಪುಗಾರರನ್ನು ಕೇಳಿ ತಿಳಿದುಕೊಳ್ಳಿ.

ಮೊದಲ ಹತ್ತು ನಿಮಿಷ ಯಾಕೆ? ಸ್ಕೋರ್ ಇನ್ನೂ ಸಮಸಮ ಇರುತ್ತದೆ, ಹಾಗಾಗಿ ಆಟ ನಿಜವಾದ ಆಟವಾಗಿರುತ್ತದೆ. ತಪ್ಪಾದರೂ ಸರಿಪಡಿಸಲು ಮೂವತ್ತು ನಿಮಿಷ ಉಳಿದಿರುತ್ತದೆ. ಇಪ್ಪತ್ತು ಪಾಯಿಂಟ್ ಮುಂದಿದ್ದಾಗ ಕೊಡುವ ಕೊನೆಯ ಎರಡು ನಿಮಿಷದಲ್ಲಿ ಎದುರಾಳಿಯೂ ಕೈಚೆಲ್ಲಿರುತ್ತಾನೆ. ಅದರಲ್ಲಿ ಹಿಡಿದರೂ ಒಂದೇ, ಬಿಟ್ಟರೂ ಒಂದೇ. ನಿಮ್ಮ ನೋಟ್ ಪುಸ್ತಕದಲ್ಲಿ ಅಂಥ ನಿಮಿಷಗಳಿಗೆ ಅಡ್ಡಗೆರೆ ಎಳೆದು ಬೇರೆ ಇಡಿ, ಒಟ್ಟಿಗೆ ಸೇರಿಸಬೇಡಿ.

ರೈಡರ್ ಹುಡುಗನಿಗೆ ರೈಡ್ ಎಣಿಸಿ ಕೊಡಿ

ಕ್ಯಾಚರ್‌ಗೆ ನಿಮಿಷ ಮುಖ್ಯ, ರೈಡರ್‌ಗೆ ರೈಡ್ ಮುಖ್ಯ. ಒಂದು ಅವಧಿಗೆ ಐದು ರೈಡ್ ಎಂದು ಮುಂಚೆಯೇ ಗೊತ್ತು ಮಾಡಿ, ಯಾವ ಯಾವ ಸರದಿಗೆ ಎಂಬುದೂ ಹುಡುಗನಿಗೆ ಗೊತ್ತಿರಲಿ. ಮೊದಲೆರಡು ರೈಡ್‌ಗೆ ಒಂದೇ ಕೆಲಸ: 30 ಸೆಕೆಂಡ್‌ನಲ್ಲಿ ಬಾಕ್ ಲೈನ್ (ಎದುರಾಳಿ ಅಂಗಳದಲ್ಲಿ ರೈಡರ್ ದಾಟಬೇಕಾದ ಗೆರೆ) ದಾಟಿ, ಎದುರಿನ ಕಾರ್ನರ್ ಎಷ್ಟು ಮುಂದೆ ಬರುತ್ತಾನೆ, ಚೈನ್ ಯಾವ ಕಡೆಯಿಂದ ಮುಚ್ಚುತ್ತದೆ ಎಂದು ನೋಡಿಕೊಂಡು, ದಮ್ಮು ಬಿಡದೆ ವಾಪಸ್ ಬರುವುದು. ಖಾಲಿ ಕೈಯಲ್ಲಿ ಬಂದದ್ದಕ್ಕೆ ಯಾರೂ ಮುಖ ಗಂಟಿಕ್ಕಬಾರದು. ಮೂರನೇ ಸಲ ಹೋದಾಗ ಏನು ನೋಡಿದ ಎಂದು ಅವನೇ ತೋರಿಸುತ್ತಾನೆ.

ಐದರಲ್ಲಿ ಒಂದಾದರೂ ಡು ಆರ್ ಡೈ ಆಗಿರಲಿ. ಎರಡು ಖಾಲಿ ರೈಡ್ ಆದ ಮೇಲಿನ ಮೂರನೆಯದು, ಪಾಯಿಂಟ್ ತರದಿದ್ದರೆ ಔಟ್. ನಮ್ಮ ತಂಡಗಳಲ್ಲಿ ಎರಡು ವಿಚಿತ್ರ ಪದ್ಧತಿ ನಡೆಯುತ್ತವೆ. ಕೆಲವರು ಈ ರೈಡನ್ನು ಹುಡುಗನಿಗೆ ಎಂದೂ ಕೊಡುವುದಿಲ್ಲ. ಇನ್ನು ಕೆಲವರು ಬರೀ ಅದನ್ನೇ ಕೊಡುತ್ತಾರೆ, ಯಾಕೆಂದರೆ ಅಣ್ಣಂದಿರಿಗೆ ಔಟಾಗಲು ಇಷ್ಟವಿಲ್ಲ. ಎರಡನೆಯವರ ಮಾತನ್ನು ನಂಬಬೇಡಿ. "ಹುಡುಗನಿಗೆ ಆರು ರೈಡ್ ಕೊಟ್ವಿ" ಅಂದಾಗ ಪುಸ್ತಕ ತೆಗೆದು ನೋಡಿ, ಆರಕ್ಕೆ ನಾಲ್ಕು ಸಾಯುವ ರೈಡ್ ಆಗಿದ್ದರೆ ಅದು ಅವಕಾಶವಲ್ಲ, ಬೇರೆಯವರ ಲೆಕ್ಕ ಚೊಕ್ಕವಾಗಿಡುವ ಉಪಾಯ.

ಹುಡುಗರು ಹೊರಗಿದ್ದಾಗ ಹಿರಿಯ ರೈಡರ್‌ಗೂ ಒಂದು ಮಾತು ಹೇಳಿ: ಎರಡು ಬೋನಸ್‌ಗಿಂತ ಒಂದು ಟಚ್ ಬೇಕು. ಪಾಯಿಂಟಿನಲ್ಲಿ ಕಡಿಮೆ, ಆದರೆ ಒಬ್ಬ ಒಳಗೆ ಬರುತ್ತಾನೆ.

ತಪ್ಪು ಮಾಡಿದ ಮೇಲೆ

ಮೊದಲ ತಪ್ಪಿಗೇ ಹೊರಗೆ ಕರೆಯಬೇಡಿ. ಆತುರಕ್ಕೆ ಹಾರಿದ ಕಾರ್ನರ್ ಮತ್ತೆ ಒಳಗೆ ಬಂದ ಮೇಲೆ ಏನು ಮಾಡುತ್ತಾನೆ ಎಂಬುದೇ ನೋಡಬೇಕಾದ್ದು. ಒಬ್ಬ ಮತ್ತೆ ಹಾರುತ್ತಾನೆ, ಇನ್ನೊಬ್ಬ ಹೆದರಿ ಗೆರೆಗೆ ಅಂಟಿ ನಿಲ್ಲುತ್ತಾನೆ, ಮತ್ತೊಬ್ಬ ಒಂದು ರೈಡ್ ಕಾದು, ಎರಡನೇ ರೈಡ್‌ಗೆ ಸರಿಯಾದ ಹೊತ್ತಿಗೆ ಕೈ ಹಾಕುತ್ತಾನೆ. ಈ ಮೂವರಿಗೂ ಬೇಕಾದ ಪ್ರಾಕ್ಟೀಸ್ ಬೇರೆ ಬೇರೆ. ಹೊರಗೆ ತೆಗೆದಿದ್ದರೆ ನಿಮಗೆ ಇದು ಗೊತ್ತಾಗುತ್ತಿರಲಿಲ್ಲ.

ಬೆಂಚಿನಿಂದ ಕೂಗುವವನು ಒಬ್ಬನೇ ಇರಲಿ. "ಹಿಡ್ಕೊಳೋ", "ಬಿಡೋ", "ಹಿಂದೆ ಬಾರೋ" ಎಂದು ಐದು ಜನ ಕೂಗಿದರೆ ಹುಡುಗ ಯಾರ ಮಾತು ಕೇಳಬೇಕು? ಹಗ್ಗದ ಆಚೆ ನಿಂತ ಪ್ರೇಕ್ಷಕರ ಬಾಯಿ ಮುಚ್ಚಿಸುವುದು ನಮ್ಮ ಕೈಲಾಗದು, ಅದರಲ್ಲೂ ಹಿಂದೆ ಜಿಲ್ಲೆಗೆ ಆಡಿದ್ದೆ ಎಂದು ಹೇಳಿಕೊಳ್ಳುವ ಮಾವಂದಿರದ್ದು. ಹುಡುಗನಿಗೆ ಮುಂಚೆಯೇ ಹೇಳಿ: ನನ್ನ ದನಿ ಬಿಟ್ಟು ಬೇರೆ ಯಾವುದೂ ಕಿವಿಗೆ ಬೀಳಬಾರದು.

ಹಿರಿಯನೇ ಬೇಕಾದ ಹೊತ್ತು

ಅಂಥ ಹೊತ್ತೂ ಇದೆ. ಫೈನಲ್‌ನ ಕೊನೆಯ ಐದು ನಿಮಿಷ, ಒಂದೆರಡು ಪಾಯಿಂಟಿನ ಅಂತರ, ಅಂಕಣದಲ್ಲಿ ಮೂವರೇ ಉಳಿದಿದ್ದಾರೆ. ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಅಲ್ಲಿ ಹೊಸಬನನ್ನು ನಿಲ್ಲಿಸಿ ಪ್ರಯೋಗ ಮಾಡುವುದು ಅವನಿಗೂ ಅನ್ಯಾಯ. ಪ್ರಾಕ್ಟೀಸ್‌ಗೆ ಬಾರದೆ ನೇರ ಟೆಂಪೊ ಹತ್ತುವ ಹುಡುಗನಿಗೂ ನಿಮಿಷ ಕೊಡಬೇಡಿ, ಅವನು ಎಷ್ಟೇ ಪ್ರತಿಭಾವಂತನಿರಲಿ, ಯಾರ ಮಗನೇ ಇರಲಿ.

ಹುಡುಗರನ್ನೇ ನಂಬಿದವರು ಸೋಲುತ್ತಾರೆ ಎಂಬ ಮಾತಿಗೆ ಮಾತ್ರ ಬೆಲೆ ಕೊಡಬೇಕಿಲ್ಲ. ಕನ್ನಡಿಗ ಬಿ.ಸಿ. ರಮೇಶ್ ಕೋಚ್ ಆಗಿದ್ದ ಪುಣೇರಿ ಪಲ್ಟನ್ ಪ್ರೊ ಕಬಡ್ಡಿಯ 2022ರ ಡಿಸೆಂಬರ್ ಫೈನಲ್‌ನಲ್ಲಿ ಜೈಪುರದ ಎದುರು ಸೋತಿತ್ತು. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಆಕಾಶ್ ಶಿಂದೆಯಂಥ ಹುಡುಗರ ತಂಡ. ಸೋತರೆಂದು ಅವರನ್ನು ಬದಲಿಸಿ ಹಳೆ ಹುಲಿಗಳನ್ನು ತಂದು ತುಂಬಲಿಲ್ಲ. ಮುಂದಿನ ಋತುವಿನಲ್ಲಿ ಅದೇ ಹುಡುಗರನ್ನು ಮುಂದಿಟ್ಟು, 2024ರ ಮಾರ್ಚ್ 1ರಂದು ಹರಿಯಾಣ ಸ್ಟೀಲರ್ಸ್ ತಂಡವನ್ನು 28–25ರಿಂದ ಮಣಿಸಿ ಕಪ್ಪು ಗೆದ್ದರು.

ಒಂಬತ್ತು ಪಂದ್ಯದ ಗಡುವು

ಐಸ್ ಹಾಕಿಯವರ ಗಡುವನ್ನು ಹಾಗೇ ತಗೊಳ್ಳಿ. ಒಬ್ಬ ಹುಡುಗ ಹಿರಿಯರ ತಂಡದಲ್ಲಿ ಒಂಬತ್ತು ಪಂದ್ಯ ನಿಜವಾಗಿ ಆಡಿದ ಮೇಲೆ ಪುಸ್ತಕ ತೆಗೆದು ಅವನ ಜೊತೆ ಕೂರಿ. ಪಂದ್ಯಕ್ಕೆ ಹತ್ತು ನಿಮಿಷಕ್ಕಿಂತ ಕಡಿಮೆ ಒಳಗಿದ್ದ ಪಂದ್ಯಗಳನ್ನು ಎಣಿಸಬೇಡಿ. ನೋಡಬೇಕಾದ್ದು ಇಷ್ಟು: ಔಟಾಗುವ ಮುನ್ನ ಒಳಗಿರುವ ಹೊತ್ತು ಮೊದಲ ಮೂರು ಪಂದ್ಯಕ್ಕಿಂತ ಕೊನೆಯ ಮೂರರಲ್ಲಿ ಹೆಚ್ಚಾಗಿದೆಯೇ? ಹಿಡಿಯಲು ಹೋದದ್ದರಲ್ಲಿ ನಿಂತದ್ದು ಹೆಚ್ಚಾಗಿದೆಯೇ? ಹಿಡಿಯಲು ಹೋಗುವುದನ್ನೇ ನಿಲ್ಲಿಸಿದ್ದಾನೆಯೇ? ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಯೋಚಿಸಬೇಕು. ತಪ್ಪಿಸಿಕೊಂಡು ಆಡುವವನು ಔಟಾಗುವುದಿಲ್ಲ, ಅವನ ನಿಮಿಷಗಳು ಚೆನ್ನಾಗಿಯೇ ಕಾಣುತ್ತವೆ.

ತೀರ್ಮಾನ ಎರಡೇ. ಏಳರಲ್ಲಿ ಅವನ ಜಾಗ ಖಾಯಂ, ಹಿರಿಯ ಇನ್ನು ಅವನಿಗೆ ಬದಲಿ. ಇಲ್ಲವೇ ಒಂದು ವರ್ಷ ಜೂನಿಯರ್ ತಂಡಕ್ಕೆ ವಾಪಸ್, ಯಾಕೆ ಎಂದು ಕಾರಣ ಸಮೇತ, ಅಪ್ಪನ ಎದುರಿನಲ್ಲೇ. ಜೂನಿಯರ್‌ಗೆ ವಯೋಮಿತಿ 20, ಅಷ್ಟರೊಳಗೆ ಎರಡು ಮೂರು ಋತು ಆಡಲು ಹೆಚ್ಚಿನ ಹುಡುಗರಿಗೆ ಸಮಯವಿರುತ್ತದೆ. "ಇರ್ಲಿ ಬಾ, ಜೊತೆಗೆ ಇರು" ಎಂಬ ಮೂರನೇ ತೀರ್ಮಾನ ಮಾತ್ರ ಬೇಡ.

ಹೆಣ್ಣುಮಕ್ಕಳ ತಂಡಗಳಿಗೂ ಇದೇ ಕ್ರಮ ನಡೆಯುತ್ತದೆ. ಅವರ ಪಂದ್ಯ 15 ನಿಮಿಷದ ಎರಡು ಅವಧಿ, ಹಾಗಾಗಿ ಹತ್ತು ನಿಮಿಷದ ಜಾಗದಲ್ಲಿ ಏಳೆಂಟು ಎಂದು ಇಟ್ಟುಕೊಳ್ಳಿ. ಅಲ್ಲಿ ಹಿರಿಯರ ಮುಲಾಜಿಗಿಂತ ದೊಡ್ಡ ತೊಡಕು ರಾತ್ರಿ ಪಂದ್ಯಾವಳಿ. ಹಗಲು ಪಂದ್ಯಾವಳಿಗಳನ್ನೇ ಆರಿಸಿ.

ಋತು ಮುಗಿದ ಮೇಲೆ ನೋಟ್ ಪುಸ್ತಕವನ್ನು ಸಂಘದ ಬೀರುವಿನಲ್ಲಿ ಹಾಕಿ ಬೀಗ ಜಡಿಯಬೇಡಿ. ಹುಡುಗನ ಪುಟದ ಫೋಟೋ ತೆಗೆದು ಅವನ ಕಾಲೇಜಿನ ಪಿ.ಟಿ. ಮೇಷ್ಟ್ರಿಗೆ ಕಳಿಸಿ. ದಸರಾ ಕ್ರೀಡಾಕೂಟಕ್ಕೆ ತಾಲ್ಲೂಕು ತಂಡ ಆರಿಸುವಾಗ ಅವರ ಕೈಯಲ್ಲಿ ಯಾರು ಎಷ್ಟು ಹೊತ್ತು, ಯಾರ ಎದುರು ಆಡಿದ ಎಂಬ ವಿವರ ಇರುತ್ತದೆ, ಆಯ್ಕೆಯ ದಿನ ಒಂದೇ ಮಧ್ಯಾಹ್ನ ನೋಡಿ ತೀರ್ಮಾನಿಸುವ ಕಷ್ಟ ಅವರಿಗೂ ತಪ್ಪುತ್ತದೆ.